ದಿನ ಎಣಿಸುವ ಕೆಲಸ

ವಕೀಲರೆಂದರೆ ವಾದ ಮಾಡುವವರು ಎಂದು ಜನ ತಿಳಿದಿದ್ದಾರೆ. ಕರಿಕೋಟು ತೊಟ್ಟ ಹೊಸದರಲ್ಲಿ ನಾವೂ ಹಾಗೆಯೇ ತಿಳಿದಿದ್ದೆವು. ಮಂಗಳೂರಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ನಾವು ಇಬ್ಬರು ಜೂನಿಯರ್‌ಗಳು. ಕ್ರಿಮಿನಲ್, ಸಿವಿಲ್, ಕಾರ್ಮಿಕರ ಪ್ರಕರಣ ಎಂಬ ಭೇದವಿಲ್ಲದೆ ಬಂದದ್ದೆಲ್ಲ ನಮ್ಮ ಪಾಲಿಗೆ. ವಾದ ಮಾಡುವವರು ಹಿರಿಯರು. ನಮ್ಮ ಕೆಲಸ ದಿನ ಎಣಿಸುವುದು.

ಕಾನೂನಿನಲ್ಲಿ ಎಲ್ಲಕ್ಕೂ ದಿನಗಳ ಲೆಕ್ಕವಿದೆ. ಆರೋಪಿ ಕಸ್ಟಡಿಯಲ್ಲಿದ್ದಾಗ, ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಅವನ ಹಕ್ಕು. ಆದರೆ ಪಟ್ಟಿ ಬರುವ ಮೊದಲೇ ಅರ್ಜಿ ಹಾಕಬೇಕು, ತಡವಾದರೆ ಹಕ್ಕು ಕೈತಪ್ಪಿತು. ಸಿವಿಲ್ ದಾವೆಯಲ್ಲಿ ಸಮನ್ಸ್ ತಲುಪಿದ 30 ದಿನಗಳೊಳಗೆ ಉತ್ತರ ಸಲ್ಲಿಸಬೇಕು. ಗ್ರಾಚ್ಯುಟಿಗೆ ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ಕೂಲಿ ಸಿಗುತ್ತದೆ.

2011ರಲ್ಲಿ ವಿಟ್ಲದ ಕಡೆಯಿಂದ ಒಬ್ಬ ತಾಯಿ ಬಂದರು. 27 ವರ್ಷ ಬೀಡಿ ಕಟ್ಟಿ, ಕಣ್ಣು ಮಂಜಾದ ಮೇಲೆ ಬಿಟ್ಟಿದ್ದರು. ಗ್ರಾಚ್ಯುಟಿ ಕೇಳಿದರೆ, "ಇವರು ನಮ್ಮ ಕೆಲಸಗಾರರಲ್ಲ, ಗುತ್ತಿಗೆದಾರನ ಕಡೆಯವರು" ಎಂದು ಕಂಪೆನಿಯ ಉತ್ತರ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಹೇಳಿತ್ತು. ಅದನ್ನು ಬೀಡಿ ಮಾಲಕರು ಪ್ರಶ್ನಿಸಿದಾಗ, 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿದಿತ್ತು. ಆ ಪ್ರಕರಣದ ಹೆಸರಿನಲ್ಲೇ ನಮ್ಮ ಮಂಗಳೂರು ಇದೆ. ಆದರೂ ಈ ತಾಯಿ ಯಾರ ಕೆಲಸಗಾರರು ಎಂದು ಕಾಗದದಲ್ಲಿ ತೋರಿಸಬೇಕಿತ್ತು.

ವಿಚಾರಣೆ ನಡೆಯುವುದು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ. ಒಂದು ದಿನ ಮೂರು ಕೆಲಸಗಳು ಒಟ್ಟಿಗೆ ಬಂದವು. ಒಬ್ಬ ಹುಡುಗನ ಜಾಮೀನು ಅರ್ಜಿಗೆ 61ನೆಯ ದಿನ, ಅದನ್ನು ಬಿಡುವಂತಿರಲಿಲ್ಲ. ನಮ್ಮಲ್ಲಿ ಇನ್ನೊಬ್ಬರು ಜಾಗದ ತಡೆಯಾಜ್ಞೆಯ ದಾವೆಗೆ ಸಿವಿಲ್ ಕೋರ್ಟಿನಲ್ಲಿ ಕೂರಬೇಕಾಯಿತು. "ಲೇಬರ್ ಮ್ಯಾಟರಿಗೆ ವಾಯಿದೆ ತಗೊಳ್ಳಿ" ಎಂದರು ಹಿರಿಯರು. ತೆಗೆದುಕೊಂಡೆವು. ಹುಡುಗನಿಗೆ ಜಾಮೀನು ಸಿಕ್ಕಿತು. ಸಂಜೆಯವರೆಗೂ ಕಾದ ಸಿವಿಲ್ ದಾವೆಗೂ ಕೊನೆಗೆ ವಾಯಿದೆಯೇ.

ಕಚೇರಿಗೆ ಬಂದಾಗ ಆ ತಾಯಿ ಬೆಂಚಿನಲ್ಲಿ ಕುಳಿತಿದ್ದರು. ಬರಬೇಡಿ ಎಂದು ಹೇಳಲು ನಮಗೆ ನೆನಪೇ ಆಗಿರಲಿಲ್ಲ. ಕೈಹಿಡಿದು ಕರೆತಂದ ಮಗಳೂ ಬೀಡಿ ಕಟ್ಟುವವಳು. "ಇದು ನಾಲ್ಕನೆಯ ಸಲ. ನಾಲ್ಕು ದಿನದ ಬೀಡಿ ಹೋಯಿತು. ಅದನ್ನು ನೀವು ಎಲ್ಲಿ ಬರೆಯುತ್ತೀರಿ?" ಎಂದಳು. ಕೋಪದಿಂದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ಉತ್ತರವಿರಲಿಲ್ಲ. ಎಲ್ಲರ ದಿನ ಎಣಿಸುತ್ತಿದ್ದ ನಾವು ಅವಳ ದಿನವನ್ನು ಎಣಿಸಿರಲಿಲ್ಲ.

ಮುಂದಿನ ಸಲ ಅವರು ಒಂದು ಪ್ಲಾಸ್ಟಿಕ್ ಚೀಲ ತಂದರು. ರೇಷನ್ ಕಾರ್ಡು, ಆಸ್ಪತ್ರೆ ಚೀಟಿಗಳ ನಡುವೆ ಹಳೆಯ ಭವಿಷ್ಯನಿಧಿ ಚೀಟಿಗಳಿದ್ದವು. ಅದರಲ್ಲಿ ಗುತ್ತಿಗೆದಾರನ ಹೆಸರಿರಲಿಲ್ಲ, ಕಂಪೆನಿಯ ಹೆಸರಿತ್ತು. ನಾವು ಮೊದಲ ದಿನವೇ ಚೀಲ ಬಿಚ್ಚಿಸಿ ನೋಡಿದ್ದರೆ ಎಷ್ಟು ವಾಯಿದೆ ಉಳಿಯುತ್ತಿತ್ತೋ! 27 ವರ್ಷಕ್ಕೆ 405 ದಿನಗಳ ಕೂಲಿ ಕೊಡಬೇಕೆಂದು ಆದೇಶವಾಯಿತು. ಕೈಗೆ ಹಣ ಬರುವಾಗ ಮತ್ತೊಂದು ಮಳೆಗಾಲ ಕಳೆದಿತ್ತು.

ಈಗ ಕಾಯ್ದೆಗಳ ಹೆಸರು ಬದಲಾಗಿವೆ. 2024ರ ಜುಲೈ 1ರಿಂದ ಕ್ರಿಮಿನಲ್ ಪ್ರಕ್ರಿಯೆಗೆ ನಾಗರಿಕ ಸುರಕ್ಷಾ ಸಂಹಿತೆ, 2025ರ ನವೆಂಬರ್ 21ರಿಂದ ಗ್ರಾಚ್ಯುಟಿಗೆ ಸಾಮಾಜಿಕ ಭದ್ರತಾ ಸಂಹಿತೆ. 60, 90, 15 ಎಂಬ ಎಣಿಕೆ ಮಾತ್ರ ಹಾಗೆಯೇ ಉಳಿದಿದೆ.

ನಮ್ಮ ಡೈರಿಯಲ್ಲಿ ಈಗ ಒಂದು ಸಾಲು ಹೆಚ್ಚು. ಕಕ್ಷಿದಾರರು ಎಲ್ಲಿಂದ ಬರುತ್ತಾರೆ, ಎಷ್ಟು ಸಲ ಬಂದರು, ಬರಲೇಬೇಕೆ ಎಂದು ಬರೆದಿಡುತ್ತೇವೆ. ಬೇಡವಾದರೆ ಹಿಂದಿನ ದಿನವೇ ಫೋನು ಮಾಡುತ್ತೇವೆ. ಬಂದ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಅವರ ಹಕ್ಕು ಎಂದು ಮೊದಲೇ ತಿಳಿಸುತ್ತೇವೆ. ಈಗ ನಮ್ಮ ಜೊತೆಗೂ ಜೂನಿಯರ್‌ಗಳಿದ್ದಾರೆ. ವಾಯಿದೆ ಕೇಳಲು ಹೊರಟವರಿಗೆ ಆ ಸಾಲನ್ನು ಒಮ್ಮೆ ಓದಿ ಹೋಗಿ ಎನ್ನುತ್ತೇವೆ.