ಬೇಣದ ಮಣ್ಣು

ಬೇಣ ಎಂಬ ಶಬ್ದದ ಅರ್ಥವನ್ನು ನಮ್ಮ ಮನೆಯ ಮಕ್ಕಳಿಗೇ ಹೇಳಿಕೊಡಬೇಕಾದ ಕಾಲ ಬಂದಿದೆ. ಕುಮಟಾ, ಹೊನ್ನಾವರ, ಭಟ್ಕಳದ ಹಿರಿಯರಿಗೆ ವಿವರಣೆ ಬೇಡ. ಆದರೆ ಈ ಪುಟವನ್ನು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕುಳಿತು ಓದುವ ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಾಗಿ ಹೇಳುತ್ತೇನೆ. ತೋಟ ಗದ್ದೆಗಳ ಮೇಲ್ಗಡೆ, ದಟ್ಟ ಕಾಡು ಆರಂಭವಾಗುವುದಕ್ಕೆ ಮೊದಲು, ಗುಡ್ಡದ ಓರೆಯಲ್ಲಿ ಹುಲ್ಲಿಗೆಂದೇ ಬಿಟ್ಟುಕೊಂಡ ಜಾಗ ಬೇಣ. ಸೊಪ್ಪಿಗೆ ಬೆಟ್ಟ, ಹುಲ್ಲಿಗೆ ಬೇಣ ಎಂಬುದು ನಮ್ಮ ಹಿರಿಯರ ಲೆಕ್ಕ. ಅದರಲ್ಲಿ ಒಂದು ಭಾಗ ದನ ಮೇಯುವುದಕ್ಕೆ. ಬೇಲಿ ಹಾಕಿದ ಇನ್ನೊಂದು ಭಾಗದಲ್ಲಿ ಹುಲ್ಲು ಎದೆಯೆತ್ತರ ಬೆಳೆದು, ದೀಪಾವಳಿ ಕಳೆದ ಮೇಲೆ ಅದನ್ನು ಕೊಯ್ದು ಒಣಗಿಸಿದರೆ ಕರಡ. ಆ ಕರಡ ದನಗಳಿಗೆ ಮೇವಾಗಿ, ತಿಂದು ಉಳಿದದ್ದು ಕೊಟ್ಟಿಗೆಯಲ್ಲಿ ಹಾಸಾಗಿ, ಕೊನೆಗೆ ಗೊಬ್ಬರವಾಗಿ ತೋಟ ಸೇರುತ್ತಿತ್ತು.

ಹುಲ್ಲಿನ ಮಾತು ಇಷ್ಟು ಸಾಕು. ನಾನು ಬರೆಯಹೊರಟಿರುವುದು ಅದರ ಕೆಳಗಿನ ಮಣ್ಣಿನ ವಿಷಯ.

ನಾನು ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದಾಗ ಪ್ರತಿ ವರ್ಷ ಮಾಡಿಸುತ್ತಿದ್ದ ಒಂದು ಪ್ರಯೋಗ ಕೆಲವರಿಗಾದರೂ ನೆನಪಿರಬಹುದು. ಹಾಲಿನ ಪುಡಿಯ ಎರಡು ಖಾಲಿ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಒಂದರಲ್ಲಿ ಬೇಣದ ಮಣ್ಣನ್ನೂ ಇನ್ನೊಂದರಲ್ಲಿ ಗಜನಿಯ ಮಣ್ಣನ್ನೂ ತುಂಬಿಸಿ, ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ಯುವುದು. ಹಾಜರಿ ಕರೆದು ಮುಗಿಸುವಷ್ಟರಲ್ಲಿ ಬೇಣದ ಡಬ್ಬಿಯ ನೀರು ಕೆಳಗಿನ ತಟ್ಟೆಗೆ ಇಳಿದಿರುತ್ತಿತ್ತು. ಗಜನಿಯ ಡಬ್ಬಿಯಲ್ಲಿ ಸಂಜೆಯ ಗಂಟೆ ಹೊಡೆದಾಗಲೂ ನೀರು ಮೇಲೆಯೇ ನಿಂತಿರುತ್ತಿತ್ತು. "ಹಾಗಾದರೆ ಬೇಣದ್ದು ಮರಳು ಮಣ್ಣು, ಸರ್" ಎಂದು ಒಬ್ಬನಾದರೂ ಹೇಳದಿದ್ದ ವರ್ಷವಿಲ್ಲ. ಆಗ ಒಂದು ಚಿಟಿಕೆ ಬೇಣದ ಮಣ್ಣಿಗೆ ನೀರು ಹನಿಸಿ ಬೆರಳಿನಲ್ಲಿ ತಿಕ್ಕಲು ಹೇಳುತ್ತಿದ್ದೆ. ತಿಕ್ಕಿದಂತೆ ಅದು ಅಂಟುತ್ತದೆ, ಅಂಗೈ ಕೆಂಪಾಗುತ್ತದೆ. ಅದರಲ್ಲಿ ಇರುವುದು ಬಹುಪಾಲು ಜೇಡಿಯೇ. ಜೇಡಿಯಾಗಿದ್ದೂ ಮರಳಿನಂತೆ ನೀರು ಬಿಡುವುದೇ ನಮ್ಮ ಗುಡ್ಡದ ಮಣ್ಣಿನ ವಿಶೇಷ.

ಇದಕ್ಕೆ ಕಾರಣ ಕಬ್ಬಿಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಲಕ್ಷಾಂತರ ವರ್ಷಗಳಿಂದ ಹೀಗೆ ಸುರಿದ ಮಳೆ ಕಲ್ಲನ್ನು ಕೊಳೆಸಿ, ಅದರೊಳಗಿನ ಸುಣ್ಣ, ಪೊಟ್ಯಾಶ್, ಸಿಲಿಕಾಗಳನ್ನು ತೊಳೆದುಕೊಂಡು ಸಮುದ್ರಕ್ಕೆ ಒಯ್ದಿದೆ. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು, ಜೊತೆಗೆ ಕೆಯೊಲಿನ್ ಎಂಬ ಬಡ ಜೇಡಿ. ಆ ಕಬ್ಬಿಣ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಸಣ್ಣ ಸಣ್ಣ ಹರಳುಗಳನ್ನಾಗಿ ಮಾಡುತ್ತದೆ, ಹರಳುಗಳ ನಡುವೆ ನೀರಿಗೂ ಗಾಳಿಗೂ ದಾರಿ ಉಳಿಯುತ್ತದೆ. ಧಾರವಾಡ, ಹುಬ್ಬಳ್ಳಿಯ ಎರೆಮಣ್ಣು ಹಾಗಲ್ಲ. ಅದು ಮಳೆಗೆ ಉಬ್ಬಿ ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಮ್ಮದು ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ.

ನೀರು ಬಸಿಯುತ್ತದೆಯೇ ಇಲ್ಲವೇ ಎಂದು ತಿಳಿಯಲು ಡಬ್ಬಿಯೂ ಬೇಕಾಗಿಲ್ಲ, ಬಣ್ಣ ನೋಡಿದರೆ ಸಾಕು. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿರುತ್ತದೆ. ವರ್ಷದ ಬಹುಕಾಲ ನೀರು ನಿಂತ ಮಣ್ಣು ಬೂದಿ ಬಣ್ಣಕ್ಕೋ ನೀಲಿಗೋ ತಿರುಗುತ್ತದೆ. ಅಘನಾಶಿನಿಯ ದಡದ ಗಜನಿಯಲ್ಲಿ ಒಂದು ಗುದ್ದಲಿ ಮಣ್ಣು ಎತ್ತಿ ನೋಡಿ, ಆಮೇಲೆ ಎದುರಿನ ಗುಡ್ಡವನ್ನು ನೋಡಿ.

ಮಣ್ಣು ಒಂದು ಮೀಟರಿಗಿಂತ ಹೆಚ್ಚು ದಪ್ಪವಿದ್ದರೆ ಅದನ್ನು ಆಳದ ಮಣ್ಣು ಎಂದು ಶಾಸ್ತ್ರ ಕರೆಯುತ್ತದೆ. ನಮ್ಮ ಗುಡ್ಡಗಳ ಆಳ ಎಷ್ಟೆಂದು ನಾನು ಕಣ್ಣಾರೆ ಕಂಡದ್ದು ಹುಡುಗನಾಗಿದ್ದಾಗ, ನಮ್ಮ ತಂದೆಯವರು ಬೇಣದ ಬುಡದಲ್ಲಿ ಬಾವಿ ತೋಡಿಸಿದಾಗ. ಮೇಲೆ ಒಂದು ಗೇಣು ಕಪ್ಪು ಮಣ್ಣು, ಹುಲ್ಲಿನ ಬೇರುಗಳಿಂದ ಹೆಣೆದ ಚಾಪೆಯ ಹಾಗೆ. ಅದರ ಕೆಳಗೆ ಆಳೆತ್ತರಕ್ಕೂ ಮೀರಿ ನೊರಜುಕಲ್ಲು ಬೆರೆತ ಕೆಂಪು ಮಣ್ಣು. ಆಮೇಲೆ ಚಿರೆಕಲ್ಲು. ಅದನ್ನು ದಾಟಿದ ಮೇಲೆ ಕೆಂಪು, ಹಳದಿ, ನೇರಳೆ ಬಣ್ಣಗಳ ಪಟ್ಟೆ ಪಟ್ಟೆಯಾದ ಮೆತ್ತನೆಯ ಮಣ್ಣು. ಕೊನೆಗೆ ಮೂವತ್ತು ಅಡಿಯ ಹತ್ತಿರ ಬೆಣ್ಣೆಯಂತೆ ನುಣುಪಾದ ಬಿಳಿಯ ಶೇಡಿ ಬಂತು. ಮನೆಯ ಹೆಂಗಸರು ಗೋಡೆಗೆ ಬಳಿಯಲು, ರಂಗೋಲಿಗೆ ಎಂದು ಬುಟ್ಟಿಗಟ್ಟಲೆ ಶೇಡಿಯನ್ನು ಎತ್ತಿಟ್ಟುಕೊಂಡರು. ಬಾವಿಯ ಸೆಲೆ ಒಡೆದದ್ದು ಆ ಶೇಡಿಯ ಮೇಲ್ಮೈಯಲ್ಲಿಯೇ. ಮೇಲಿನ ಮಣ್ಣೆಲ್ಲ ನೀರನ್ನು ಕೆಳಕ್ಕೆ ಬಿಟ್ಟುಕೊಡುತ್ತದೆ, ಶೇಡಿ ಬಿಡುವುದಿಲ್ಲ. ಬಾವಿ ತೋಡುವವರು ಶೇಡಿ ಕಂಡೊಡನೆ ಗುದ್ದಲಿ ಕೆಳಗಿಟ್ಟು, "ಇನ್ನು ನೀರಿಗೆ ತೊಂದರೆಯಿಲ್ಲ ಒಡೆಯಾ" ಎಂದಿದ್ದರು.

ಅಂದು ಕಂಡ ಚಿರೆಕಲ್ಲಿಗೆ ಹೊರ ಜಗತ್ತಿನಲ್ಲಿ ಲ್ಯಾಟರೈಟ್ ಎಂದು ಹೆಸರು. ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಆತ 1801ರ ಆರಂಭದಲ್ಲಿ ಭಟ್ಕಳ, ಹೊನ್ನಾವರಗಳ ಮೂಲಕವೂ ಹಾದುಹೋದ. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಕಲ್ಲಿಗೆ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹೆಸರು ಕಟ್ಟಿ, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದ. ನೆಲದೊಳಗೆ ಇರುವಾಗ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಅದರ ಗುಣವನ್ನೂ ಆತ ಗಮನಿಸಿದ್ದ. ನಮ್ಮ ಕಲ್ಲುಕುಟಿಗರು ಇದನ್ನು ಶತಮಾನಗಳಿಂದ ಬಲ್ಲರು. ಅವರು ಗ್ರಂಥ ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟು ಹೊಗಳಿದ ಮೇಲೆ ಮಣ್ಣಿನ ಬಡತನವನ್ನೂ ಹೇಳಬೇಕು. ನೀರು ಸರಾಗವಾಗಿ ಇಳಿಯುವಲ್ಲಿ ಸತ್ವವೂ ಅದರ ಜೊತೆಗೇ ಇಳಿದುಹೋಗುತ್ತದೆ. ಬೇಣದ ಮಣ್ಣು ಹುಳಿ. ಹಾಕಿದ ರಂಜಕವನ್ನು ಕಬ್ಬಿಣ ಹಿಡಿದಿಟ್ಟುಕೊಂಡು ಗಿಡಕ್ಕೆ ಕೊಡದು. ಇರುವ ಫಲವತ್ತತೆಯೆಲ್ಲ ಆ ಮೇಲಿನ ಒಂದು ಗೇಣು ಕಪ್ಪಿನಲ್ಲಿ. ಅದನ್ನು ಕೆರೆದು ತೆಗೆದರೆ ಕೆಳಗಿನದು ಬಿಸಿಲಿಗೆ ಹೆಟ್ಟೆಯಾಗಿ, ಹುಲ್ಲು ಕೂಡ ಏಳದಂತಾಗುತ್ತದೆ. ಬೇಣವನ್ನು ಉಳದೆ ಹುಲ್ಲಿಗೇ ಬಿಟ್ಟ ಹಿರಿಯರನ್ನು ಸೋಮಾರಿಗಳೆಂದವರಿದ್ದಾರೆ. ಉತ್ತಿದ್ದರೆ ಎರಡು ಮಳೆಗಾಲದಲ್ಲಿ ಆ ಕಪ್ಪು ಗೇಣು ಹೊಳೆ ಸೇರುತ್ತಿತ್ತು. ಹುಲ್ಲಿನ ಬೇರು ಅದನ್ನು ಹಿಡಿದುಕೊಂಡಿತ್ತು.

1980ರ ದಶಕದಲ್ಲಿ ಇಂಥ ಎಷ್ಟೋ ಓರೆಗಳಿಗೆ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಬಂತು. ಬಡ ಮಣ್ಣಿನಲ್ಲಿ ಬೇಗ ಬೆಳೆಯಿತು, ಸೌದೆಗೆ ಒದಗಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಅದರ ಎಲೆಯನ್ನು ದನ ಮೂಸುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ, ಅದರ ನೆರಳಿನಲ್ಲಿ ಕರಡ ಬೆಳೆಯುವುದಿಲ್ಲ. ದನಗಳೂ ಕಡಿಮೆಯಾದವು. ಹೀಗೆ ಬೇಣಕ್ಕೆ 'ಖಾಲಿ ಜಾಗ' ಎಂಬ ಹೊಸ ಹೆಸರು ಬಿತ್ತು.

ಖಾಲಿ ಎಂದವರು ಗುಡ್ಡದ ನೀರಿನ ಲೆಕ್ಕವನ್ನು ನೋಡಬೇಕು. ಮೃಗಶಿರದ ಮಳೆಯನ್ನೆಲ್ಲ ಬೇಣ ಸದ್ದಿಲ್ಲದೆ ಕುಡಿಯುತ್ತದೆ; ಓರೆಯ ಮೇಲೆ ಹರಿಯುವ ನೀರು ಬಹಳ ಕಡಿಮೆ. ಆರ್ದ್ರೆ ಕಳೆದು ಪುನರ್ವಸುವಿನ ಹೊತ್ತಿಗೆ ಬುಡದಲ್ಲಿ ಒರತೆಗಳು ಏಳುತ್ತವೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳದವರೆಗೂ ಬರುತ್ತಿದ್ದ ಅಬ್ಬಿ ನೀರು, ಮಾರ್ಚಿನವರೆಗೂ ಬತ್ತದ ಬಾವಿ, ಇವೆರಡೂ ಜೂನಿನಲ್ಲಿ ಬೇಣ ಕುಡಿದ ನೀರೇ.

ಆ ನೀರು ಶೇಡಿಯ ಮೇಲೆ ನಿಲ್ಲುತ್ತದೆ ಎಂದೆನಲ್ಲ, ಅಪಾಯವಿರುವುದೂ ಅಲ್ಲಿಯೇ. ಗುಡ್ಡದ ಬುಡ ಗಟ್ಟಿಯಿರುವಷ್ಟು ಕಾಲ ನೀರು ನಿಧಾನವಾಗಿ ಪಕ್ಕಕ್ಕೆ ಬಸಿದು ಹೊರಬರುತ್ತದೆ. ಬುಡವನ್ನು ನೆಟ್ಟಗೆ ಕಡಿದು ಗೋಡೆಯಂತೆ ಮಾಡಿದರೆ, ನೆನೆದು ಭಾರವಾದ ಮೇಲಿನ ಮಣ್ಣೆಲ್ಲಕ್ಕೂ ಆಧಾರ ತಪ್ಪುತ್ತದೆ, ಕೆಳಗಿನ ಶೇಡಿ ಜಾರುಬಂಡೆಯಾಗುತ್ತದೆ. ಎಲ್ಲ ಕುಸಿತಕ್ಕೂ ಇದೊಂದೇ ಕಾರಣ ಎನ್ನುವುದಿಲ್ಲ. ಮಳೆಯ ಪ್ರಮಾಣ, ಓರೆಯ ಕಡಿದು, ಕಲ್ಲಿನ ಬಿರುಕು ಎಲ್ಲವೂ ಸೇರುತ್ತವೆ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯ ಮೇಲೆ ಬಿದ್ದು ಒಂದೇ ಮನೆಯ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು, ಕುಮಟೆಯ ಪಕ್ಕದ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಇಳಿಯಿತು. ಅನಂತರ ಮಳೆಗಾಲದಲ್ಲಿ ಹೆದ್ದಾರಿಯ ಪಕ್ಕದ ಕೆಂಪು ಗೋಡೆಗಳನ್ನು ನೋಡುತ್ತ ಬಸ್ಸಿನಲ್ಲಿ ನೆಮ್ಮದಿಯಾಗಿ ಕುಳಿತವರು ನಮ್ಮ ಕಡೆ ಕಡಿಮೆ.

ಇದನ್ನೆಲ್ಲ ಈಗ ಬರೆಯಲು ಒಂದು ಕಾರಣವಿದೆ. ಈಚೆಗೆ ತಮ್ಮನ ಮಗ ದೂರವಾಣಿಯಲ್ಲಿ, "ದೊಡ್ಡಪ್ಪ, ಬೇಣ ಸುಮ್ಮನೆ ಬಿದ್ದುಕೊಂಡಿದೆ. ಗದ್ದೆ ತುಂಬಿಸಿ ಮನೆ ಕಟ್ಟುವವರಿಗೆ ಮಣ್ಣು ಬೇಕಂತೆ. ಬುಡದ ಕಡೆಯಿಂದ ತೆಗೆದರೆ ಲಾರಿಗೆ ಇಷ್ಟೆಂದು ಕೊಡುತ್ತಾರೆ, ಜಾಗವೂ ಸಮತಟ್ಟಾಗುತ್ತದೆ" ಎಂದ. ಹುಡುಗ ಬುದ್ಧಿವಂತ, ಸಾಲವೂ ಇದೆ, ದುರಾಸೆಯ ಮಾತಲ್ಲ ಅದು. ಅವನು ಇದನ್ನು ಓದುತ್ತಾನೆಂದು ಬಲ್ಲೆ, ಆದ್ದರಿಂದ ಇಲ್ಲಿಯೇ ಹೇಳುತ್ತೇನೆ.

ಮಗಾ, ಬುಡದಿಂದ ಒಂದು ಲಾರಿ ಮಣ್ಣು ತೆಗೆಯುವುದೆಂದರೆ ಮೇಲಿನ ಮೂವತ್ತು ಅಡಿಯ ಊರುಗೋಲನ್ನು ಎಳೆದಂತೆ. ಆ ಬುಡದ ಕೆಳಗೆ ನಾಲ್ಕು ಮನೆಗಳಿವೆ, ಮೂರು ಬಾವಿಗಳಿವೆ. ಅವುಗಳಲ್ಲಿ ಒಂದು ನಿನ್ನ ಅಜ್ಜ ತೋಡಿಸಿದ್ದು. ಹಣದ ಅಡಚಣೆ ಬೇರೆ ವಿಷಯ, ಅದಕ್ಕೆ ನಾವು ಕೂತು ದಾರಿ ಹುಡುಕೋಣ. ಗೇರು ಹಾಕುವುದಿದ್ದರೆ ಮೇಲಿನ ಅಂಚಿನಲ್ಲಿ ಹಾಕು, ಗುಂಡಿ ಮಾತ್ರ ತೋಡು, ನಡುವಿನ ಹುಲ್ಲು ಕೆರೆಯಬೇಡ. ಕರಡಕ್ಕೆ ಗಿರಾಕಿಗಳು ಇನ್ನೂ ಇದ್ದಾರೆ, ವಿಚಾರಿಸಿದ್ದೇನೆ. ಪಹಣಿಯಲ್ಲಿ ನಮ್ಮಿಬ್ಬರು ಅಣ್ಣತಮ್ಮಂದಿರ ಹೆಸರೂ ಜಂಟಿಯಾಗಿದೆ, ಆ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಚೌತಿಗೆ ಊರಿಗೆ ಬಂದಾಗ ನಿನ್ನ ಅಪ್ಪನನ್ನೂ ಕರೆದುಕೊಂಡು ಬಾ. ಒಂದು ಹಾರೆ, ಎರಡು ಡಬ್ಬಿ ಹಿಡಿದು ಮೂವರೂ ಬೇಣಕ್ಕೆ ಹೋಗೋಣ.