ಹರಳೆಣ್ಣೆ ಹೊಗೆಯ ಭಾನುವಾರಗಳು

ಹರಳೆಣ್ಣೆಯ ವಾಸನೆ ಬಂದರೆ ನನಗೆ ಅಜ್ಜಿಯ ಜೊತೆಗೇ ಒಂದು ಪುಟ್ಟ ಎಂಜಿನ್ನೂ ನೆನಪಾಗುತ್ತದೆ. ಅಜ್ಜಿ ಶನಿವಾರ ನಮ್ಮ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಯೇ ಮರುದಿನ ಬಡಾವಣೆಯ ಖಾಲಿ ಮೈದಾನದಲ್ಲಿ ನೀಲಿ ಹೊಗೆಯಾಗಿ ಏಳುತ್ತಿತ್ತು.

2004ರಲ್ಲಿ ಭಾವ ಸಿಂಗಪುರದಿಂದ ರಜೆಗೆ ಬಂದಾಗ ಒಂದು ರಿಮೋಟ್ ಕಾರು ತಂದಿದ್ದರು. ಬ್ಯಾಟರಿ ಹಾಕಿದರೆ ಓಡುವ ಆಟಿಕೆಗಳನ್ನಷ್ಟೇ ಕಂಡಿದ್ದ ನನಗೆ ಅದರ ಹೊಟ್ಟೆಯಲ್ಲಿದ್ದ ನಿಜವಾದ ಎಂಜಿನ್ ಕಂಡು ಮಾತೇ ಹೊರಡಲಿಲ್ಲ. 3.5 ಸಿಸಿ, ಟೂ ಸ್ಟ್ರೋಕ್. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಪಳಗಿದ ಮೇಲೆ ನಿಮಿಷಕ್ಕೆ 30,000 ಸುತ್ತು ದಾಟುತ್ತದೆ ಎಂದರು ಭಾವ. ನಾನು ರಿಮೋಟಿಗೆ ಕೈ ಚಾಚಿದೆ.

"ಇವತ್ತು ಓಡ್ಸೋ ಹಾಗಿಲ್ಲ ಕಣೋ. ಬಿಸಿ ಮಾಡೋದು, ಆರೋಕೆ ಬಿಡೋದು, ಮತ್ತೆ ಬಿಸಿ ಮಾಡೋದು, ಅಷ್ಟೇ."

ಹೊಸ ಕಬ್ಬಿಣದ ಕಾವಲಿ ತಂದ ದಿನವೇ ಅದರ ಮೇಲೆ ದೋಸೆ ಏಳುವುದಿಲ್ಲ. ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ಕಾಯಿಸಿ, ಆರಿಸಿ ಪಳಗಿಸಬೇಕು. ಈ ನೈಟ್ರೋ ಎಂಜಿನ್ನೂ ಹಾಗೆಯೇ. ಅದರ ಪಿಸ್ಟನ್ನಿಗೆ ರಿಂಗುಗಳಿಲ್ಲ. ಅಲ್ಯೂಮಿನಿಯಂ ಪಿಸ್ಟನ್ನು, ಅದರ ಸುತ್ತ ಒಳಮೈಗೆ ಕ್ರೋಮ್ ಲೇಪಿಸಿದ ಹಿತ್ತಾಳೆಯ ಸ್ಲೀವು. ಆ ಸ್ಲೀವು ಮೇಲಕ್ಕೆ ಹೋದಂತೆ ಕೂದಲೆಳೆಗಿಂತ ಕಡಿಮೆ ಅಳತೆಯಲ್ಲಿ ಕಿರಿದಾಗುತ್ತದೆ. ಎಂಜಿನ್ ತಣ್ಣಗಿರುವಾಗ ಪಿಸ್ಟನ್ನು ತುದಿಗೆ ಬಂದು ಗಕ್ಕನೆ ಬಿಗಿಯುತ್ತದೆ. ಕಾದಾಗ ಹಿತ್ತಾಳೆ ಹೆಚ್ಚು ಹಿಗ್ಗಿ ದಾರಿ ಬಿಡುತ್ತದೆ. ಎರಡು ಲೋಹಗಳು ಬಿಸಿಯಲ್ಲಿ ಒಂದರ ಮೈಗೆ ಇನ್ನೊಂದು ಹೊಂದಿಕೊಳ್ಳುವ ಈ ಕೆಲಸಕ್ಕೇ ರನ್ನಿಂಗ್ ಇನ್ ಎನ್ನುವುದು. ಅದನ್ನು ಅವಸರದಲ್ಲಿ ಮುಗಿಸಿದರೆ ಆ ಬಿಗಿ ಬೇಗ ಸವೆದು, ಎಂಜಿನ್ನಿನ ಆಯುಷ್ಯವೇ ಕುಗ್ಗುತ್ತದೆ.

ಇಂಧನವೆಂದರೆ ಮೆಥನಾಲ್, ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ನೈಟ್ರೋಮೀಥೇನ್, ಜೊತೆಗೆ ಹರಳೆಣ್ಣೆ ಬೆರೆತ ಆಯಿಲ್. ಕಿಡಿ ಹಾರಿಸುವ ಪ್ಲಗ್ ಇಲ್ಲಿಲ್ಲ. ಅಮೆರಿಕದ ರೇ ಆರ್ಡನ್ 1947ರಲ್ಲಿ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ಗೇ ಇದರ ಜೀವ. ಅದರ ಪ್ಲಾಟಿನಂ ಸುರುಳಿಯನ್ನು ಸಣ್ಣ ಬ್ಯಾಟರಿಯಿಂದ ಒಮ್ಮೆ ಕೆಂಪಗೆ ಮಾಡಿದರೆ ಸಾಕು, ಎಂಜಿನ್ ಹತ್ತಿದ ಮೇಲೆ ಮೆಥನಾಲ್ ಆವಿಯ ಸಂಗದಲ್ಲಿ ತಾನಾಗಿಯೇ ಕೆಂಪಗಿರುತ್ತದೆ.

ಭಾವ ಇಂಧನದ ಹರಿವು ತಿದ್ದುವ ನೀಡ್ಲಿನ ಸ್ಕ್ರೂ ಸಡಿಲಿಸಿ, ಇಂಧನ ಧಾರಾಳವಾಗಿ ಹೋಗುವಂತೆ ಮಾಡಿದರು. ನಾನು ಎಂಜಿನ್ ಹತ್ತಿಸುವ ಹಗ್ಗ ಎಳೆದೆ. ಬೆರಳು ಕೆಂಪಾಗುವವರೆಗೆ ಎಳೆದೆ. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಇಂಧನ ಹೆಚ್ಚಾದಾಗ ಎಂಜಿನ್ ತಣ್ಣಗೇ ಉಳಿಯುತ್ತದೆ, ಬಿಗಿಯಲ್ಲೇ ತಿರುಗಿ ಕನೆಕ್ಟಿಂಗ್ ರಾಡಿಗೆ ಪೆಟ್ಟು. ಅದಕ್ಕೆ ಹೆಡ್ಡಿನ ಸುತ್ತ ಅಡುಗೆಮನೆಯ ಫಾಯಿಲ್ ಸುತ್ತಿದ್ದೆವು. 90 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಬಹಳ ಮೀರಬಾರದು. ನಮ್ಮ ಬಳಿ ಥರ್ಮಾಮೀಟರ್ ಇರಲಿಲ್ಲ, ಒಂದು ಹನಿ ನೀರಿತ್ತು. ಹೆಡ್ಡಿನ ಮೇಲೆ ಬಿಟ್ಟರೆ ಚುಂಯ್ ಎಂದು ತಕ್ಷಣ ಹಾರಿಹೋದರೆ ಬಿಸಿ ಜಾಸ್ತಿ. ಸುಮ್ಮನೆ ಕೂತರೆ ಸಾಲದು. ಮೂರ್ನಾಲ್ಕು ಎಣಿಸುವಷ್ಟರಲ್ಲಿ ಕುದ್ದು ಆರಿದರೆ ಸರಿ.

ಹತ್ತು ನಿಮಿಷಕ್ಕೆ ಒಂದು ಟ್ಯಾಂಕ್ ಮುಗಿಯುತ್ತಿತ್ತು. ಆಮೇಲೆ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ ಪಿಸ್ಟನ್ನನ್ನು ಕೆಳಗೆ ನಿಲ್ಲಿಸಿ, ಎಂಜಿನ್ ಪೂರ್ತಿ ಆರುವವರೆಗೆ ಹೊಂಗೆ ಮರದ ನೆರಳಲ್ಲಿ ಕೂರುತ್ತಿದ್ದೆವು. ಅಕ್ಕ ಕಟ್ಟಿಕೊಟ್ಟ ಇಡ್ಲಿ, ಫ್ಲಾಸ್ಕಿನ ಕಾಫಿ. ಭಾವ ಆ ಬಿಡುವಿನಲ್ಲೇ ಪರದೇಶದ ಒಂಟಿತನದ ಬಗ್ಗೆ ಹೇಳಿದ್ದು. ಮನೆಯಲ್ಲಿ ಯಾರ ಎದುರೂ ಅವರು ಆ ಮಾತು ಆಡಿರಲಿಲ್ಲ. ಎರಡು ಭಾನುವಾರಗಳಲ್ಲಿ ಆರು ಟ್ಯಾಂಕ್. ಪ್ರತಿ ಸಲವೂ ಸ್ಕ್ರೂ ಎಂಟನೇ ಒಂದು ಸುತ್ತಿನಷ್ಟು ಬಿಗಿ. ಟ್ಯಾಂಕಿನಿಂದ ಟ್ಯಾಂಕಿಗೆ ಎಂಜಿನ್ನಿನ ಗೊಗ್ಗರು ದನಿ ತಿಳಿಯಾಗುತ್ತ ಬಂದದ್ದನ್ನು ನನ್ನ ಕಿವಿ ಇನ್ನೂ ಮರೆತಿಲ್ಲ.

ಒಂದು ಸಂಜೆ ಪಿಸ್ಟನ್ನನ್ನು ಮೇಲೆಯೇ ಬಿಟ್ಟು ಮನೆಗೆ ಬಂದಿದ್ದೆ. ಮರುದಿನ ಹಗ್ಗ ಅಲುಗಲೇ ಇಲ್ಲ. ತಣ್ಣಗಾದ ಸ್ಲೀವು ಪಿಸ್ಟನ್ನನ್ನು ಕಚ್ಚಿ ಹಿಡಿದಿತ್ತು. ಭಾವ ಬೈಯಲಿಲ್ಲ. ಅಕ್ಕನ ಹೇರ್ ಡ್ರೈಯರ್ ತಂದು ಹೆಡ್ಡಿಗೆ ಬಿಸಿಗಾಳಿ ಕೊಟ್ಟು, ಮೆಲ್ಲಗೆ ತಿರುಗಿಸಿ ಬಿಡಿಸಿದರು. ಲೋಹ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಅದು ಕೈಗೆ ತಿಳಿದದ್ದು ಅವತ್ತು.

ಈಗ ಬ್ರಷ್‌ಲೆಸ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿಯ ಕಾಲ. ಚಾರ್ಜ್ ಆದ ಮೊದಲ ನಿಮಿಷದಿಂದಲೇ ಪೂರ್ತಿ ವೇಗ. ಹೊಗೆಯಿಲ್ಲ, ನೆರೆಹೊರೆಯವರ ತಕರಾರಿಲ್ಲ. ಇದರಲ್ಲಿ ಒಳ್ಳೆಯದಿದೆ, ಒಪ್ಪುತ್ತೇನೆ. ಅತ್ತ ಯುರೋಪಿಯನ್ ಒಕ್ಕೂಟದಲ್ಲಿ ನೈಟ್ರೋಮೀಥೇನ್ ಸ್ಫೋಟಕಗಳಿಗೂ ಬಳಕೆಯಾಗುತ್ತದೆಂದು, 2021ರಿಂದ ಅದು ನೂರಕ್ಕೆ 16 ಪಾಲು ಮೀರಿದ ಇಂಧನವನ್ನು ಸಾಮಾನ್ಯ ಜನ ಪರವಾನಗಿ ಇಲ್ಲದೆ ಕೊಳ್ಳುವಂತಿಲ್ಲ. ಒಸಾಕಾದಲ್ಲಿ 1936ರಲ್ಲಿ ಹುಟ್ಟಿದ ಓ.ಎಸ್. ಕಂಪನಿಯ ನೈಟ್ರೋ ಎಂಜಿನ್ನುಗಳ ಸದ್ದು ದೊಡ್ಡ ರೇಸುಗಳಲ್ಲಿ ಇಂದಿಗೂ ಉಳಿದಿದೆ. ಆದರೆ ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಇಂಧನದ ಡಬ್ಬಿಗಳಿದ್ದ ಕಪಾಟಿನಲ್ಲಿ ಈಗ ಚಾರ್ಜರುಗಳಿವೆ.

ಅಕ್ಕನ ಮಗ ಹೋದ ವರ್ಷ ಎಲೆಕ್ಟ್ರಿಕ್ ಕಾರು ಕೊಂಡ. ಪೆಟ್ಟಿಗೆ ಒಡೆದ ಒಂದು ಗಂಟೆಯಲ್ಲಿ ಅದು ಇಟ್ಟಿಗೆ ರಾಶಿಯ ಮೇಲಿಂದ ಹಾರಿತು. "ಮಾವ, ಇದಕ್ಕೆ ಕಾಯೋದೇನೂ ಇಲ್ಲ" ಎಂದ ಸಂಭ್ರಮದಿಂದ. ಅವನ ಖುಷಿ ನನ್ನದೂ ಹೌದು. ಆದರೂ ಹೊಂಗೆಯ ನೆರಳಿನ ಆ ಗಂಟೆಗಳು ಅವನಿಗೆ ಸಿಗಲಿಲ್ಲವಲ್ಲ ಎಂದು ಸಂಕಟವಾಯಿತು. ಎಂಜಿನ್ ಆರಲೆಂದು ಕಾಯದಿದ್ದರೆ ಭಾವ ನನಗೆ ಅಷ್ಟು ಹತ್ತಿರವಾಗುತ್ತಿರಲಿಲ್ಲ.

ನಿಮ್ಮ ಅಟ್ಟದಲ್ಲೂ ಅಂಥದ್ದೊಂದು ಎಂಜಿನ್ ಮಲಗಿದ್ದರೆ ಗುಜರಿಗೆ ಹಾಕಬೇಡಿ. ಮೆಥನಾಲ್ ತೇವ ಹೀರುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ನಾಲ್ಕು ಹನಿ ಎಣ್ಣೆ ಬಿಟ್ಟು, ನಿಧಾನ ತಿರುಗಿಸಿ, ಪಿಸ್ಟನ್ನನ್ನು ಕೆಳಗೆ ನಿಲ್ಲಿಸಿ. ಇಂಧನ ಸಿಕ್ಕಿದರೆ ಅದು ವಿಷವೆಂಬುದನ್ನು ಮರೆಯದೆ ಮಕ್ಕಳ ಕೈಗೆ ಸಿಗದಂತೆ ಇಡಿ. ಒಂದು ಭಾನುವಾರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಟ್ಯಾಂಕ್ ಓಡಿಸಿ. ಹೆಡ್ಡಿನ ಮೇಲೆ ನೀರಿನ ಹನಿ ಬಿಡಿ, ಅದು ಆರುವವರೆಗೆ ಅವರೇ ಎಣಿಸಲಿ.