ಮೇಸ್ ಬಿದ್ದ ದಿನ

ಬೇಸ್‌ಬಾಲ್ ಅಭಿಮಾನಿಗಳು ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ ಮಾಡಲು ಕೂತರೆ ಜಗಳ ಬೇಗ ಮುಗಿಯುವುದಿಲ್ಲ. ಬೇಬ್ ರೂತ್ ಮೊದಲೋ, ವಿಲ್ಲಿ ಮೇಸ್ ಮೊದಲೋ? ನನ್ನ ಮತ ಮೇಸ್‌ಗೆ. 660 ಹೋಮ್ ರನ್, ಜೊತೆಗೆ ಆ ಫೀಲ್ಡಿಂಗ್. ಆದರೆ ಯಾವ ಆಟಗಾರನ ಕಾಲು ಸೋತರೂ ಜನ ಥಟ್ಟನೆ ಕೊಡುವ ಉದಾಹರಣೆಯೂ ಅವರದೇ. ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ.

1973ರ ವರ್ಲ್ಡ್ ಸೀರೀಸ್, ಓಕ್‌ಲೆಂಡ್, ಎರಡನೇ ಪಂದ್ಯ. 42ರ ಮೇಸ್‌ಗೆ ಕಣ್ಣು ಕುಕ್ಕುವ ಬಿಸಿಲಲ್ಲಿ ಚೆಂಡು ಕಾಣಲಿಲ್ಲ, ಸೆಂಟರ್ ಫೀಲ್ಡ್‌ನಲ್ಲಿ ಮುಗ್ಗರಿಸಿ ಬಿದ್ದರು. 1954ರಲ್ಲಿ ಚೆಂಡಿಗೆ ಬೆನ್ನು ಹಾಕಿ ಓಡಿ, ಹೆಗಲ ಮೇಲಿಂದ ಇಳಿದದ್ದನ್ನು ಹಿಡಿದವರು ಇವರೇ.

ಬಿದ್ದದ್ದು ಎಲ್ಲರಿಗೂ ನೆನಪಿದೆ. ಅದೇ ಪಂದ್ಯದ 12ನೇ ಇನಿಂಗ್ಸ್‌ನಲ್ಲಿ ಓಕ್‌ಲೆಂಡ್‌ನ ರೋಲಿ ಫಿಂಗರ್ಸ್ ಎಸೆತವನ್ನು ಮೇಸ್ ನಡುವಿನಿಂದ ತೂರಿಸಿ, ತಮ್ಮ ತಂಡ ಮೆಟ್ಸ್‌ಗೆ ಮುನ್ನಡೆಯ ರನ್ ತಂದುಕೊಟ್ಟದ್ದು ಯಾರಿಗೆ ನೆನಪಿದೆ? ಮೆಟ್ಸ್ 10–7ರಿಂದ ಗೆದ್ದಿತು. ಆ ಹೊಡೆತವೇ ಅವರ ಬಾಳಿನ ಕೊನೆಯ ಹಿಟ್.

ಇನ್ನೊಂದು. ಆ ದಿನ ಹೋಮ್ ಪ್ಲೇಟ್ ಬಳಿ ಮೇಸ್ ಮಂಡಿಯೂರಿ ಕೈಚಾಚಿದ ಫೋಟೊವನ್ನೂ ಹಲವರು ಸೋಲಿನ ಚಿತ್ರ ಅಂದುಕೊಂಡಿದ್ದಾರೆ. ಅಲ್ಲ. ಜೊತೆಗಾರ ಬಡ್ ಹ್ಯಾರೆಲ್ಸನ್ ಔಟಾಗಿಲ್ಲ ಎಂದು ಅವರು ಅಂಪೈರ್ ಹತ್ತಿರ ಅಂಗಲಾಚುತ್ತಿದ್ದರು.